ಗೇರ್‌ಬಾಕ್ಸಿಗೆ ಜ್ವರ

ಮಕ್ಕಳೇ, ಅಮೆರಿಕದ ಕೊಲೊರಾಡೊದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಟ್ರೇಲರ್ ಎಳೆದುಕೊಂಡು ಬೆಟ್ಟ ಹತ್ತುವಾಗ ಅವನ ಪಿಕಪ್ ಟ್ರಕ್ಕಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಸಾಮಾನ್ಯವಾಗಿ 80ರಿಂದ 95 ಇರಬೇಕು.

"ಗೇರ್‌ಬಾಕ್ಸೇ ಬದಲಿಸಿ" ಎಂದ ಮೆಕ್ಯಾನಿಕ್. ಸಾವಿರಾರು ಡಾಲರ್! ಮಗನ ಮುಖ ಬಾಡಿತು.

"ಜ್ವರಕ್ಕೆ ಮೊದಲು ಕಾರಣ ಹುಡುಕೋಣ ಕಣೋ" ಎಂದೆ. ಕೈಪಿಡಿ ನೋಡಿ ಒಂದೊಂದೇ ಪರೀಕ್ಷಿಸಿದೆವು. ಎಣ್ಣೆಯ ಮಟ್ಟ ಸರಿಯಿತ್ತು. ಬಣ್ಣ ಕೆಂಪಗೇ ಇತ್ತು, ಸುಟ್ಟ ವಾಸನೆಯಿಲ್ಲ. ಒಳಗಿನ ಕ್ಲಚ್ಚುಗಳು ಸುಟ್ಟ ಲಕ್ಷಣವಿಲ್ಲ. ಆದರೆ ಮುಂಭಾಗದ ಕೂಲರಿನ ಸಂದುಗಳಲ್ಲಿ ಧೂಳು, ಸತ್ತ ಹುಳು! ಗಾಳಿಯಾಡದೆ ಎಣ್ಣೆ ತಣಿಯುವುದೆಂತು?

ತೊಳೆದ. ಏರಿನಲ್ಲಿ ಕೆಳಗಿನ ಗೇರ್ ಹಾಕಿದ. ಅದೇ ಬೆಟ್ಟ, ಅದೇ ಭಾರ. ಮುಳ್ಳು 95 ದಾಟಲಿಲ್ಲ.

ನೀವೂ ಅಷ್ಟೇ, ಖರ್ಚಿಗೆ ಹೆದರುವ ಮುಂಚೆ ಕಾರಣ ಕೇಳಿ.