ಮಡಕಶಿರಾದ ಮತ
ಬಿಜೆಪಿಯಂಥ ಸಂಪ್ರದಾಯವಾದಿ ಪಕ್ಷಕ್ಕೆ ಜನ ಯಾಕೆ ಮತ ಹಾಕುತ್ತಾರೆ ಎಂದರೆ ಪಟ್ಟಣದ ಪಂಡಿತರು ದೇವರು, ಜಾತಿ ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಾರೆ. ಆಂಧ್ರದ ಗಡಿಯ ರಾಯದುರ್ಗ, ಮಡಕಶಿರಾ ಕಡೆ ಆ ಉತ್ತರ ಸಾಲದು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದಾಗ ರಾಯದುರ್ಗ ತಾಲ್ಲೂಕು ಆಂಧ್ರದ ಪಾಲಾಯಿತು. ಅಲ್ಲಿ ಎಷ್ಟೋ ಮನೆಗಳ ಮಾತು ಕನ್ನಡ, ಕಚೇರಿಯದು ತೆಲುಗು. ಮತದಲ್ಲೂ ಇಂಥದೇ ಬೆರಕೆ. 2024ರ ಚುನಾವಣೆಯಲ್ಲಿ ಬಿಜೆಪಿ, ತೆಲುಗುದೇಶಂ, ಜನಸೇನಾ ಒಂದಾಗಿದ್ದವು. ಸೀಟು ಹಂಚಿಕೆಯಲ್ಲಿ ಎರಡೂ ಕ್ಷೇತ್ರ ತೆಲುಗುದೇಶಂ ಪಾಲಿಗೆ ಬಂದದ್ದರಿಂದ ಕಮಲವನ್ನು ಮೆಚ್ಚಿದವರು ಆ ಪಕ್ಷದ ಸೈಕಲ್ ಗುರುತಿನ ಗುಂಡಿಯನ್ನೇ ಒತ್ತಬೇಕಿತ್ತು. ಅದೇ ಗುಂಡಿಯನ್ನು ಒತ್ತಿದ ಮುದುಕಿಗೆ ಮೈತ್ರಿಕೂಟದ ಭರವಸೆಯಂತೆ ಪಿಂಚಣಿ 3000ದಿಂದ 4000 ರೂಪಾಯಿಗೆ ಏರುವ ಆಸೆಯೂ ಇದ್ದೀತು. ಒಂದು ಮತದೊಳಗೆ ಎಷ್ಟು ಕಾರಣಗಳು! ಮಳೆ ನಂಬಿ ಶೇಂಗಾ ಬಿತ್ತುವ ಸೀಮೆಯಲ್ಲಿ, ಇರುವುದೂ ಕೈತಪ್ಪಿದರೆ ಎಂಬ ಭಯ ದೊಡ್ಡದು. ಊರ ಜಾತ್ರೆ, ಹಿರಿಯರ ಮಾತು, ತಿಂಗಳ ಪಿಂಚಣಿ ಎಲ್ಲವೂ ಒಂದೇ ಗಂಟಿನಲ್ಲಿರುತ್ತವೆ. ಗಂಟು ಭದ್ರವಾಗಿರಲಿ ಎನ್ನುವವರನ್ನು ಹಿಂದುಳಿದವರೆಂದು ಜರಿಯುವುದು ಅನ್ಯಾಯ. ಅವರ ಮನಸ್ಸು ಗೆಲ್ಲಬೇಕೆನ್ನುವ ಯಾವ ಪಕ್ಷವಾದರೂ ಮೊದಲು ಆ ಭಯವನ್ನು ಕೇಳಿಸಿಕೊಳ್ಳಲಿ. ಮಡಕಶಿರಾದಲ್ಲಿ ಸೈಕಲ್ ಗೆದ್ದದ್ದು ಬರೀ 351 ಮತಗಳಿಂದ.