ಟಾಯರ್ ಹರಿದರೆ ಯಾರ ತಲೆಮೇಲೆ?

ಜತ್ತ ತಾಲೂಕಿನ ಪೂರ್ವ ಭಾಗದಾಗ ಈಗ ಎಲ್ಲಿ ನೋಡಿದರೂ ಜಾಲಿ ಕಡಿಸುವ ಕೆಲಸ. ಮ್ಹೈಸಾಳ ಯೋಜನೆಯ ನೀರು ಅಕ್ಕಪಕ್ಕದ ಊರುಗಳಿಗೆ ಬಂದದ್ದನ್ನು ಕಂಡು, ನಮಗೂ ಇಂದಲ್ಲ ನಾಳೆ ಬಂದೀತು ಎಂಬ ಆಸೆಯಿಂದ ಹತ್ತು ಹದಿನೈದು ವರ್ಷ ಬೀಳುಬಿಟ್ಟ ಹೊಲಗಳನ್ನು ಜನ ಹಸನು ಮಾಡಿಸುತ್ತಿದ್ದಾರೆ. ಸಂತೋಷದ ಸಂಗತಿ. ಆದರೆ ಈ ಕೆಲಸದಲ್ಲಿ ಒಂದು ಲೆಕ್ಕವನ್ನು ಯಾರೂ ಬರೆದಿಡುತ್ತಿಲ್ಲ. ಅದು ಟ್ರ್ಯಾಕ್ಟರಿನ ಟಾಯರಿನ ಲೆಕ್ಕ.

ನಾವು ಬಳ್ಳಾರಿ ಜಾಲಿ ಅಂತೇವೆ, ಮರಾಠಿಯವರು ವೇಡಿ ಬಾಭೂಳ ಅಂತಾರೆ. ಹುಚ್ಚು ಜಾಲಿ ಎಂದರ್ಥ. ಹೆಸರಿಟ್ಟವನು ಟ್ರ್ಯಾಕ್ಟರ್ ಮಾಲೀಕನೇ ಇದ್ದಾನು. ಅಮೆರಿಕ ಖಂಡದ ಈ ಗಿಡ ನಮ್ಮ ದೇಶಕ್ಕೆ ಬಂದದ್ದು 19ನೇ ಶತಮಾನದಲ್ಲಿ, ಬ್ರಿಟಿಷರ ಕಾಲಕ್ಕೆ. ಕಾಯಿ ಸಿಹಿ, ಮಾಡಗ್ಯಾಳ ಕುರಿ ಇರಲಿ, ಊರ ಆಡು ಇರಲಿ, ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಹುಟ್ಟುತ್ತದೆ. ಮೇಲೆ ಕಡಿದರೆ ಸಾಯುವುದಿಲ್ಲ, ಬುಡದಿಂದ ಮತ್ತೆ ನಾಲ್ಕು ಟಿಸಿಲು ಒಡೆಯುತ್ತದೆ.

ನಮ್ಮ ಮನೆಯಲ್ಲೂ ಒಂದು ಟ್ರ್ಯಾಕ್ಟರ್ ಇದೆ. ತಮ್ಮ ಓಡಿಸುತ್ತಾನೆ, ಕಂತು ನಾನು ಕಟ್ಟುತ್ತೇನೆ. ಹೋದ ಬೇಸಿಗೆಯಲ್ಲಿ ಹಳ್ಳದ ದಂಡೆಯ ಮೂರು ಎಕರೆ ಹಸನು ಮಾಡಲು ಸೋದರಮಾವ ಕರೆದರು. ಜೆಸಿಬಿ ತುಟ್ಟಿ ಅಂತ ಕೂಲಿ ಹಚ್ಚಿ ಕೊಯತಾದಿಂದ ಜಾಲಿ ಕಡಿಸಿದ್ದರು. ಕೊಯತಾ ಏಟು ಓರೆಯಾಗಿ ಬೀಳುತ್ತದೆ. ಉಳಿದ ಬೊಡ್ಡೆ ಬಿಸಿಲಿಗೆ ಒಣಗಿ ಈಟಿಯ ಹಾಗೆ ನಿಂತಿರುತ್ತದೆ, ಮೇಲೆ ಹುಲ್ಲು ಮುಚ್ಚಿರುತ್ತದೆ. ಆರನೇ ತಾಸಿಗೆ ಹಿಂದಿನ ಎಡಗಾಲಿಯ ಮಗ್ಗಲು ನಾಲ್ಕು ಇಂಚು ಸೀಳಿತು. ಹಿಡಿತಕ್ಕೆಂದು ಟೂಬಿನಲ್ಲಿ ತುಂಬಿದ್ದ ನೀರೆಲ್ಲ ಹೊಲಕ್ಕೆ ಹರಿಯಿತು. ಆ ಹೊಲಕ್ಕೆ ಬಂದ ಮೊದಲ ನೀರು ಅದೇ ಎಂದು ತಮ್ಮ ಇವತ್ತಿಗೂ ನಗುತ್ತಾನೆ.

ಪಂಕ್ಚರ್ ಅಂಗಡಿಯವ ನೋಡಿದವನೇ, "ಅಡಿಗೆ ತೂತು ಬಿದ್ದಿದ್ದರ ಪ್ಯಾಚ್ ಹಾಕಿ ಕೊಡ್ತಿದ್ದೆ, ಮಗ್ಗಲು ಹರದದ್ದಕ್ಕ ನಾ ಜವಾಬ್ದಾರ ಅಲ್ಲ" ಅಂದ. ಅವನ ಮಾತು ಖರೆ. ಗಾಲಿ ತಿರುಗಿದಂತೆಲ್ಲ ಮಗ್ಗಲು ಬಾಗಿ ಏಳುತ್ತದೆ, ಹಚ್ಚಿದ ತೇಪೆ ನಿಲ್ಲುವುದಿಲ್ಲ. ಒಳಗೆ ಹಳೇ ಟಾಯರಿನ ತುಂಡು ಕೊಟ್ಟು ಊರ ತನಕ ತಂದದ್ದಾಯಿತು.

ಇನ್ನು ಲೆಕ್ಕ. ನಾನು ಬಿಕಾಂ ಓದಿದವ, ಈ ಚಟ ಬಿಡುವುದಿಲ್ಲ. ತಾಸಿಗೆ 900ರಂತೆ ಆರು ತಾಸಿಗೆ 5,400 ರೂಪಾಯಿ. ಡೀಸೆಲ್‌ಗೆ 2,200, ಕೈಯಾಳಿಗೆ 600 ಹೋದರೆ ಉಳಿದದ್ದು 2,600. ಹೊಸ ಟಾಯರಿಗೆ 24,000. ಅಂದರೆ ಒಂಬತ್ತು ದಿನದ ಗಳಿಕೆ ಒಂದು ಬೊಡ್ಡೆಗೆ ಹೋಯಿತು. 2025ರ ಸಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಹಿಂದಿನ ಟಾಯರಿನ ಜಿಎಸ್‌ಟಿ 18ರಿಂದ 5 ಪ್ರತಿಶತಕ್ಕೆ ಇಳಿದದ್ದು ಖರೆ, ಆದರೆ ಭಾಡಿಗೆ ಓಡಿಸುವವನ ಹೊರೆ ಅಷ್ಟರಿಂದ ಹಗುರ ಆಗುವುದಿಲ್ಲ. ಒಂದು ಕಡೆ ಹೊಸದು, ಇನ್ನೊಂದು ಕಡೆ ಸವೆದದ್ದು ಹಾಕಿದರೆ ಎರಡೂ ಗಾಲಿ ಸಮ ಓಡುವುದಿಲ್ಲ, ಡಿಫರೆನ್ಶಿಯಲ್ ಮೇಲೆ ಭಾರ ಬೀಳುತ್ತದೆ.

ಖರ್ಚು ಕೇಳಿದರೆ ಮಾವ, "ಟ್ರ್ಯಾಕ್ಟರ್ ನಿಂದು, ಟಾಯರೂ ನಿಂದು" ಅಂದರು. ನಮ್ಮ ಭಾಗದ ರೂಢಿಯೂ ಇದೇ. ಅಥಣಿ ಕಡೆಯಿಂದ ಭಾಡಿಗೆ ಬರುವ ಟ್ರ್ಯಾಕ್ಟರಿನವರೂ ಇದನ್ನೇ ಹೇಳಿ ಗೊಣಗುತ್ತಾರೆ. ಈ ರೂಢಿ ತಪ್ಪು ಅಂತ ನನ್ನ ಅಭಿಪ್ರಾಯ. ಮುಳ್ಳು ಚುಚ್ಚಿ ಪಂಕ್ಚರ್ ಆದರೆ ಅದು ಗಾಡಿಯವನದೇ, ಒಪ್ಪಿದೆ. ಜಾಲಿ ಹೊಲಕ್ಕೆ ಇಳಿಯುವವ ಗಾಳಿ ನೋಡಿಕೊಂಡೇ ಇಳಿಯಬೇಕು, ಗಾಳಿ ಕಡಿಮೆಯಾದ ಟಾಯರಿನ ಮಗ್ಗಲು ಉಬ್ಬಿ ಬೊಡ್ಡೆಗೆ ತಾನಾಗಿ ಸಿಗುತ್ತದೆ. ಪಂಕ್ಚರ್ ತೆಗೆಸುವಾಗ ಟಾಯರಿನ ಒಳಗೆ ಅರಿವೆ ಆಡಿಸಿ ಮುರಿದ ಮುಳ್ಳು ಹುಡುಕಬೇಕು, ಇಲ್ಲದಿದ್ದರೆ ಅದೇ ಮುಳ್ಳು ಹೊಸ ಟೂಬಿಗೂ ನಡುತ್ತದೆ. ಇದರಲ್ಲಿ ಸೋಮಾರಿತನ ಮಾಡಿದ್ದು ನಮ್ಮ ತಮ್ಮನ ತಪ್ಪೂ ಹೌದು.

ಆದರೆ ಓರೆ ಬೊಡ್ಡೆ ಹೊಲದ ಮಾಲೀಕ ಬಿಡಿಸಿದ್ದು. ನೆಲದೊಳಗೆ ಒಂದು ಗೇಣು ಅಗೆದು ಬುಡ ಕಿತ್ತರೆ ಟಾಯರೂ ಉಳಿಯುತ್ತದೆ, ಜಾಲಿಯೂ ಮತ್ತೆ ಚಿಗುರುವುದಿಲ್ಲ. ಅಷ್ಟಾಗದಿದ್ದರೆ ನೆಲಕ್ಕೆ ಸಮನಾಗಿ ಕೊಯ್ಯಿಸಲಿ, ಇಲ್ಲವೆ ಗಾಡಿ ಇಳಿಯುವ ಮುಂಚೆ ಹೊಲ ಅಡ್ಡಾಡಿ ಬೊಡ್ಡೆಗೊಂದು ಬಿಳಿ ಅರಿವೆ ಕಟ್ಟಲಿ. ಅದೂ ಮಾಡದವರು ಹರಿದ ಟಾಯರಿನಲ್ಲಿ ಪಾಲು ಕೊಡಬೇಕು. ಪೂರ್ತಿ ಹೊಸ ಟಾಯರಿನ ಬೆಲೆ ಕೇಳುವುದು ಅನ್ಯಾಯ. ಅರ್ಧ ಸವೆದ ಟಾಯರಿದ್ದರೆ ಸವಕಳಿ ಕಳೆದು ಉಳಿದ 12,000ದಲ್ಲಿ ಇಬ್ಬರೂ ಅರ್ಧ ಅರ್ಧ. ಈ ಮಾತು ಮೊದಲೇ, ಕೆಲಸ ಹಿಡಿಯುವಾಗಲೇ, ಇಬ್ಬರು ಹಿರಿಯರ ಮುಂದೆ ಆಗಿಬಿಟ್ಟರೆ ಬೀಗತನ ಕೆಡುವುದಿಲ್ಲ.

ನಮ್ಮದು ಕೆಟ್ಟಿತು. ಆರು ಸಾವಿರದ ಮಾತಿಗೆ ಮಾವ ದೀಪಾವಳಿಗೂ ಬರಲಿಲ್ಲ. ಅವರ ಒಂದೂವರೆ ಎಕರೆ ಹಾಗೇ ಉಳಿದಿದೆ, ಕಡಿದ ಬೊಡ್ಡೆಗಳು ಈಗ ಮೊಳಕಾಲು ಮಟ ಚಿಗುರಿವೆ.