ಎರವಲು ನಗೆ

ಕಳೆದ ರಾಜ್ಯೋತ್ಸವದ ತಿಂಗಳಲ್ಲಿ ನಾವು ಮೂರು ಊರುಗಳ ಹಾಸ್ಯಸಭೆಗಳಿಗೆ ಆಹ್ವಾನಿತರಾಗಿ ಹೋಗಿದ್ದೆವು. ಊರುಗಳು ಬೇರೆ, ಭಾಷಣಕಾರರು ಬೇರೆ, ಹಾರ ಹಾಕಿದ ಅಧ್ಯಕ್ಷರೂ ಬೇರೆ. ಆದರೆ ಅಳಿಯನು ಮಾವನ ಮನೆಗೆ ಹೋಗಿ ಪಟ್ಟ ಪಾಡಿನ ಚಟಾಕಿ ಮಾತ್ರ ಮೂರು ಕಡೆಗಳಲ್ಲಿಯೂ ಒಂದೇ ಆಗಿದ್ದಿತು. ಮೂರನೆಯ ಸಭೆಯಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದ ವೃದ್ಧ ಗೃಹಸ್ಥರೊಬ್ಬರು ಭಾಷಣಕಾರನಿಗಿಂತ ಮೊದಲೇ ಅದರ ಕೊನೆಯ ಮಾತನ್ನು ಮೆಲ್ಲಗೆ ಹೇಳಿ ಮುಗಿಸಿ, ಎಲೆಯಡಿಕೆಯ ಚೀಲವನ್ನು ಬಿಚ್ಚಿದರು. ಸಭೆ ನಕ್ಕಿತು, ನಿಜ. ಆದರೆ ಅದು ಪರಿಚಿತರನ್ನು ದಾರಿಯಲ್ಲಿ ಕಂಡಾಗ ಮರ್ಯಾದೆಗಾಗಿ ನಗುವ ನಗೆಯೇ ಹೊರತು, ಒಳಗಿನಿಂದ ಉಕ್ಕಿದ ನಗೆಯಾಗಿರಲಿಲ್ಲ. ಮೊಬೈಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೈಯಿಂದ ಕೈಗೆ ತಿರುಗಿ ಸವೆದುಹೋದ ನಾಣ್ಯಗಳನ್ನೇ ವೇದಿಕೆಯ ಮೇಲೆ ಹೊಸ ನಾಣ್ಯಗಳೆಂದು ಚಲಾವಣೆ ಮಾಡುವ ಈ ಪದ್ಧತಿ ನಮ್ಮಲ್ಲಿ ಬೇರೂರುತ್ತಿರುವುದನ್ನು ನೋಡಿ ನಮಗೆ ವ್ಯಸನವಾಗಿದೆ.

ಇಷ್ಟು ಹಗುರವಾದ ವಿಷಯಕ್ಕೆ ಸಂಪಾದಕೀಯದ ಅಂಕಣ ಬೇಕೆ ಎಂದು ಕೆಲವರು ಕೇಳಬಹುದು. ಬೇಕು ಎಂದೇ ನಮ್ಮ ಅಭಿಪ್ರಾಯ. ಭರತಮುನಿಯು ಹಾಸ್ಯವನ್ನು ಎಂಟು ರಸಗಳಲ್ಲಿ ಒಂದಾಗಿ ಎಣಿಸಿ, ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯ ನಗೆಯನ್ನು ವಿಂಗಡಿಸಿದ್ದಾನೆ. ನಮ್ಮ ಪ್ರಾಚೀನ ನಾಟಕಗಳಲ್ಲಿ ವಿದೂಷಕನು ರಾಜನನ್ನು ‘ವಯಸ್ಯ’ ಎಂದು ಕರೆಯುತ್ತಾನೆ. ಮಂತ್ರಿಯು ಹೇಳಲು ಹಿಂಜರಿಯುವುದನ್ನು ಅವನು ನಗುತ್ತ ಹೇಳುತ್ತಾನೆ. ತನ್ನ ದೋಷವನ್ನು ತನ್ನ ಭಾಷೆಯಲ್ಲಿ ತಾನೇ ಕಂಡು ನಗಬಲ್ಲ ಜನಾಂಗಕ್ಕೆ ಆ ದೋಷವನ್ನು ತಿದ್ದಿಕೊಳ್ಳುವ ಶಕ್ತಿಯೂ ಇರುತ್ತದೆ. ನಗೆಯನ್ನೇ ಎರವಲು ತರತಕ್ಕವರಿಗೆ ಆ ಶಕ್ತಿ ಎಲ್ಲಿಂದ ಬಂದೀತು?

ಈಗ ಸ್ಟ್ಯಾಂಡಪ್ ಎಂಬ ಹೆಸರಿನಲ್ಲಿ ಒಬ್ಬನೇ ವೇದಿಕೆಯ ಮೇಲೆ ನಿಂತು ನಗಿಸುವ ಕಲೆ ಬೆಂಗಳೂರಿನಲ್ಲಿ ತರುಣರನ್ನು ಬಹಳವಾಗಿ ಆಕರ್ಷಿಸಿದೆ. ಇಂಗ್ಲಿಷಿನಲ್ಲಿ ಮೊದಲಾದದ್ದು ಕನ್ನಡಕ್ಕೂ ಬಂದಿದೆ. ಇದರಲ್ಲಿ ವೇಷವಿಲ್ಲ, ಪಕ್ಕವಾದ್ಯವಿಲ್ಲ, ಮಾತು ತಪ್ಪಿದರೆ ಎತ್ತಿಕೊಡುವ ಜೊತೆಗಾರನಿಲ್ಲ. ಇರುವುದು ಒಂದು ಧ್ವನಿವರ್ಧಕ ಮತ್ತು ಒಬ್ಬ ಮನುಷ್ಯ. ಆದುದರಿಂದಲೇ ಆ ಮನುಷ್ಯನಲ್ಲಿ ತನ್ನದೆಂಬುದು ಏನೂ ಇಲ್ಲದಿದ್ದರೆ ಅದು ಬೇಗನೆ ಬಯಲಾಗುತ್ತದೆ. ಸ್ವಂತ ಶೈಲಿ ಹುಟ್ಟಿನಿಂದ ಬರುವ ವರವೆಂದು ಬಹುಮಂದಿ ತಿಳಿದಿದ್ದಾರೆ. ಅದು ಪರಿಶ್ರಮದಿಂದ ಸಂಪಾದಿಸತಕ್ಕ ಸೊತ್ತು ಎಂಬುದಕ್ಕೆ ಈ ಕಲೆಯಲ್ಲಿ ಅಗ್ರಗಣ್ಯರಾದವರ ಜೀವನವೇ ಸಾಕ್ಷಿಯಾಗಿದೆ.

ಅಮೆರಿಕದ ರಿಚರ್ಡ್ ಪ್ರೈಯರ್‌ನ ಕಥೆಯನ್ನು ನೋಡಿರಿ. 1940ರಲ್ಲಿ ಇಲಿನಾಯ್ ಪ್ರಾಂತದ ಪಿಯೋರಿಯಾ ಎಂಬ ಊರಿನಲ್ಲಿ ಹುಟ್ಟಿದ ಈ ನೀಗ್ರೋ ಜನಾಂಗದ ಹಾಸ್ಯಗಾರನು ವೇಶ್ಯಾಗೃಹವನ್ನು ನಡೆಸುತ್ತಿದ್ದ ಅಜ್ಜಿಯ ಆಶ್ರಯದಲ್ಲಿ ಬೆಳೆದವನು. ನ್ಯೂಯಾರ್ಕಿಗೆ ಬಂದಾಗ ಅಲ್ಲಿ ಬಿಲ್ ಕಾಸ್ಬಿಯು ಸಭ್ಯವಾದ, ಯಾರಿಗೂ ನೋವಾಗದ ಕಥೆಗಳಿಂದ ಬಿಳಿಯರ ಮೆಚ್ಚುಗೆಯನ್ನು ಗಳಿಸಿದ್ದನು. ಪ್ರೈಯರ್ ಅವನ ಧಾಟಿಯನ್ನೇ ಹಿಡಿದನು. ದೂರದರ್ಶನದ ಆಹ್ವಾನಗಳು ಬಂದವು, ಹಣವೂ ಬಂದಿತು. ಆದರೆ 1967ರಲ್ಲಿ ಲಾಸ್ ವೇಗಾಸ್ ನಗರದ ಅಲ್ಲಾದಿನ್ ಹೋಟೆಲಿನ ತುಂಬಿದ ಸಭೆಯ ಮುಂದೆ ನಿಂತಾಗ, ತಾನು ಇಲ್ಲಿ ಮಾಡುತ್ತಿರುವುದಾದರೂ ಏನೆಂಬ ಪ್ರಶ್ನೆ ಅವನನ್ನು ಹಿಡಿದು ನಿಲ್ಲಿಸಿತು. ಅವನು ವೇದಿಕೆಯಿಂದ ಇಳಿದು ಹೊರಟುಹೋದನು.

ಇಳಿದ ಮರುದಿನವೇ ಹೊಸ ಶೈಲಿ ಸಿದ್ಧವಾಗಲಿಲ್ಲ ಎಂಬುದನ್ನು ನಮ್ಮ ತರುಣರು ಗಮನಿಸಬೇಕು. ಹಳೆಯದನ್ನು ಬಿಟ್ಟು ಹೊಸದು ಕೈಗೆ ಹತ್ತುವ ನಡುವೆ ವರ್ಷಗಳೇ ಕಳೆದವು. 1971ರ ಸುಮಾರಿಗೆ ಬರ್ಕ್ಲಿ ಪಟ್ಟಣದಲ್ಲಿ ಇದ್ದು ಓದಿದನು. ತನ್ನ ಜನಾಂಗದ ಲೇಖಕರ ಸಹವಾಸ ಮಾಡಿದನು. ಸಣ್ಣ ಸಣ್ಣ ಸಭೆಗಳಲ್ಲಿ ತಡವರಿಸಿದನು. ಕೊನೆಗೆ ಅವನಿಗೆ ಬೇಕಾದದ್ದು ದೊರೆತದ್ದು ಪಿಯೋರಿಯಾದ ಬೀದಿಯಲ್ಲಿಯೇ. ಅಲ್ಲಿಯ ಕುಡುಕರು, ಪಾದ್ರಿಗಳು, ತನ್ನ ತಂದೆ, ಬೀದಿಯ ಜಗಲಿಯ ಮೇಲೆ ಕುಳಿತು ಕಥೆ ಹೇಳುವ ಮುದುಕರು, ಇವರೆಲ್ಲರ ಧ್ವನಿಗಳೂ ಅವನ ಬಾಯಿಂದ ಹೊರಟವು. ‘ಮಡ್‌ಬೋನ್’ ಎಂಬ ಮುದುಕನ ಪಾತ್ರ ಹೀಗೆಯೇ ಹುಟ್ಟಿತು. 1980ರಲ್ಲಿ ತನ್ನ ದುಶ್ಚಟದ ಫಲವಾಗಿ ಬೆಂಕಿಗೆ ಸಿಕ್ಕಿ ಬದುಕಿ ಉಳಿದವನು, 1982ರ ಚಿತ್ರದಲ್ಲಿ ಆ ಬೆಂಕಿಯನ್ನೇ ಹಾಸ್ಯಕ್ಕೆ ವಸ್ತುವನ್ನಾಗಿ ಮಾಡಿಕೊಂಡನು. ಹಾಸ್ಯಕ್ಕಾಗಿ ಸ್ಥಾಪಿತವಾದ ಮಾರ್ಕ್ ಟ್ವೇನ್ ಪಾರಿತೋಷಕವು 1998ರಲ್ಲಿ ಮೊಟ್ಟಮೊದಲು ಸಂದದ್ದು ಅವನಿಗೇ. ಅವನ ಭಾಷೆ ನಮ್ಮ ಸಭೆಗಳಿಗೆ ಸಲ್ಲತಕ್ಕದ್ದಲ್ಲ. ಅದನ್ನು ಅನುಕರಿಸಿರೆಂದು ನಾವು ಹೇಳುವುದಿಲ್ಲ. ತನ್ನ ಊರನ್ನು ಬಿಟ್ಟು ಪರರ ಧಾಟಿಯನ್ನು ಹಿಡಿದವನು ತನ್ನ ಊರಿಗೆ ಮನಸ್ಸಿನಲ್ಲಿ ಮರಳಿದಾಗಲೇ ದೊಡ್ಡವನಾದನೆಂಬ ಮಾತು ಮಾತ್ರ ಗ್ರಾಹ್ಯವಾದದ್ದು.

ಹಾಗಾದರೆ ಅನುಕರಣವೇ ಪಾಪವೆ? ಅಲ್ಲ. ಪಾಠಶಾಲೆಯಲ್ಲಿ ನಾವು ಅಮರಕೋಶವನ್ನು ಗುರುಗಳು ಹೇಳಿದಂತೆಯೇ ಹೇಳಿ ಕಲಿತವರು. ಹರಿದಾಸನು ಮೊದಲು ಗುರುವಿನ ನಿರೂಪಣೆಯನ್ನೇ ಒಪ್ಪಿಸುತ್ತಾನೆ. ಯಕ್ಷಗಾನದ ಹಾಸ್ಯಗಾರನು ಹಿರಿಯನ ಹೆಜ್ಜೆಯನ್ನೇ ಹಾಕುತ್ತ ಹಾಕುತ್ತ ತನ್ನ ಹೆಜ್ಜೆಯನ್ನು ಕಂಡುಕೊಳ್ಳುತ್ತಾನೆ. ಊರುಗೋಲನ್ನು ಹಿಡಿಯುವುದು ತಪ್ಪಲ್ಲ. ಕಾಲು ಬಲಿತ ಮೇಲೆಯೂ ಬಿಡದಿರುವುದು ತಪ್ಪು. ಹಿಡಿದ ಕೋಲು ಇನ್ನೊಬ್ಬರದೆಂದು ಹೇಳದಿರುವುದು ಮತ್ತೂ ದೊಡ್ಡ ತಪ್ಪು. ಈ ವಿಷಯದಲ್ಲಿ ಗಂಗಾವತಿಯ ಪ್ರಾಣೇಶರನ್ನು ನಾವು ಮೆಚ್ಚುತ್ತೇವೆ. ಅವರು ಬೀಚಿಯವರಿಂದ ಪಡೆದುದನ್ನು ಮುಚ್ಚಿಡದೆ, ಆ ಹೆಸರನ್ನೇ ತಮ್ಮ ಹೆಸರಿನೊಡನೆ ಧರಿಸಿದರು. ಆದರೆ ಸಭೆಗಳನ್ನು ಗೆದ್ದದ್ದು ತಮ್ಮ ಸೀಮೆಯ ಮಾತಿನ ವರಸೆಯಿಂದ. ಸಾಲವನ್ನು ಒಪ್ಪಿಕೊಂಡು ವ್ಯಾಪಾರ ಮಾಡಿದವನಿಗೆ ಮಾನಹಾನಿಯಿಲ್ಲ.

ಇನ್ನು ಈ ಕಲೆಯ ಒಳಗಿನ ದುಡಿಮೆಯನ್ನು ಕುರಿತು ಒಂದೆರಡು ಮಾತು. ಜೆರಿ ಸೈನ್‌ಫೆಲ್ಡ್ ಎಂಬವರು ದೂರದರ್ಶನದ ಧಾರಾವಾಹಿಯಿಂದ ಅಪಾರ ಕೀರ್ತಿಯನ್ನೂ ಧನವನ್ನೂ ಪಡೆದವರು. 1998ರಲ್ಲಿ ಆ ಧಾರಾವಾಹಿ ಮುಗಿದ ಮೇಲೆ ತಮ್ಮ ಹಳೆಯ ಹಾಸ್ಯವನ್ನೆಲ್ಲ ಒಮ್ಮೆ ಕೊನೆಯದಾಗಿ ನುಡಿದು ಬಿಟ್ಟುಬಿಟ್ಟರು. ಅನಂತರ ಸಣ್ಣ ಸಣ್ಣ ಕ್ಲಬ್ಬುಗಳಲ್ಲಿ ಹೊಸಬರ ನಡುವೆ ನಿಂತು, ಕೆಲವೇ ನಿಮಿಷಗಳ ಹೊಸ ಮಾತಿನಿಂದ ಪ್ರಾರಂಭಿಸಿದರು. 2002ರಲ್ಲಿ ಬಂದ ಸಾಕ್ಷ್ಯಚಿತ್ರವೊಂದರಲ್ಲಿ ಅವರು ನಡುವೆ ಮಾತು ಮರೆತು ನಿಲ್ಲುವುದನ್ನೂ ಕಾಣಬಹುದು. ಜಾರ್ಜ್ ಕಾರ್ಲಿನ್ ಎಂಬ ಇನ್ನೊಬ್ಬನು 1960ರ ದಶಕದಲ್ಲಿ ಕೋಟು ಟೈ ಧರಿಸಿ ನಿರಪಾಯವಾದ ಹಾಸ್ಯವನ್ನು ಹೇಳುತ್ತಿದ್ದವನು. 1970ರ ಸುಮಾರಿಗೆ ವೇಷವನ್ನೂ ಮಾತನ್ನೂ ಬದಲಿಸಿ, ತಾನು ನಿಜವಾಗಿ ನಂಬಿದ್ದನ್ನು ಹೇಳತೊಡಗಿದನು. 1977ರಿಂದ 2008ರವರೆಗೆ ಅವನ ಹದಿನಾಲ್ಕು ಕಾರ್ಯಕ್ರಮಗಳು ಒಂದೇ ದೂರದರ್ಶನ ಸಂಸ್ಥೆಯಿಂದ ಪ್ರಸಾರವಾದವು. ಒಮ್ಮೆ ಪ್ರಸಾರವಾದುದನ್ನು ಬದಿಗಿಟ್ಟು ಮತ್ತೆ ಹೊಸದನ್ನು ಕಟ್ಟುವುದು ಅವನ ನಿಯಮವಾಗಿದ್ದಿತು.

ಇವರ ಕ್ರಮದಲ್ಲಿ ಗುಟ್ಟೇನೂ ಇಲ್ಲ. ಕಿಸೆಯಲ್ಲಿ ಒಂದು ಪುಸ್ತಕವಿರಬೇಕು. ಕಂಡದ್ದನ್ನು, ಸಿಟ್ಟು ಬರಿಸಿದ್ದನ್ನು, ನಾಚಿಕೆಯಾದದ್ದನ್ನು ಅಂದಂದೇ ಅದರಲ್ಲಿ ಬರೆಯಬೇಕು. ನಗೆ ಬಂದದ್ದಕ್ಕಿಂತ ನಾಚಿಕೆಯಾದದ್ದರಲ್ಲಿಯೇ ಹೆಚ್ಚು ಹಾಸ್ಯವಿರುತ್ತದೆ. ಬಳಿಕ ಇಪ್ಪತ್ತು ಮೂವತ್ತು ಜನರ ಮುಂದೆ ಐದು ನಿಮಿಷ ಮಾತನಾಡಿ ನೋಡಬೇಕು. ಸಭೆ ಎಲ್ಲಿ ನಕ್ಕಿತು, ಎಲ್ಲಿ ಕೆಮ್ಮಿತು ಎಂಬುದನ್ನು ಧ್ವನಿಮುದ್ರಣದಲ್ಲಿ ಮತ್ತೆ ಕೇಳಬೇಕು. ನಗೆಗೆ ಬೇಡವಾದ ಮಾತನ್ನೆಲ್ಲ ಅಕ್ಕಸಾಲಿಯಂತೆ ಅರದಿಂದ ಉಜ್ಜಿ ತೆಗೆಯಬೇಕು. ನಗೆ ಹುಟ್ಟಿಸುವ ಪದವು ವಾಕ್ಯದ ಕೊನೆಯಲ್ಲಿ ಬೀಳುವಂತೆ ಜೋಡಿಸಬೇಕು. ಮರುದಿನ ಮತ್ತೆ ಹೋಗಬೇಕು. ಸಭೆಯ ಮೌನವನ್ನು ಅವಮಾನವೆಂದು ಬಗೆಯದೆ ಪಾಠವೆಂದು ಬಗೆಯಬಲ್ಲವನು ಮಾತ್ರ ಇದರಲ್ಲಿ ಉಳಿಯುತ್ತಾನೆ. ಹೀಗೆ ನೂರಾರು ಸಂಜೆಗಳು ಕಳೆದ ಮೇಲೆ, ಯಾರು ಹೇಳಿದರೂ ನಗೆ ತರುವ ಮಾತುಗಳು ಹಿಂದೆ ಸರಿದು, ಇವನೇ ಹೇಳಿದರೆ ಮಾತ್ರ ನಗೆ ತರುವ ಮಾತುಗಳು ಉಳಿಯುತ್ತವೆ. ಶೈಲಿ ಎಂಬುದು ಹೀಗೆ ಉಳಿದದ್ದರ ಹೆಸರು.

ನಮ್ಮಲ್ಲಿ ಈ ಪರಂಪರೆ ಇಲ್ಲದೆ ಇಲ್ಲ. ರಂಗಭೂಮಿಯು ಪೌರಾಣಿಕ ಕಥೆಗಳಲ್ಲಿಯೂ ಗ್ರಾಂಥಿಕ ಭಾಷೆಯಲ್ಲಿಯೂ ಮುಳುಗಿದ್ದ ಕಾಲದಲ್ಲಿ ಟಿ. ಪಿ. ಕೈಲಾಸಂ ಅವರು ತಮ್ಮ ಸುತ್ತಲಿನ ಮಧ್ಯಮವರ್ಗದ ಮನೆಗಳಲ್ಲಿ ಕೇಳುತ್ತಿದ್ದ, ಇಂಗ್ಲಿಷು ಬೆರೆತ ಕನ್ನಡವನ್ನೇ ರಂಗದ ಮೇಲೆ ತಂದು, ಆ ಮನೆಗಳವರೇ ತಮ್ಮನ್ನು ಕಂಡು ನಗುವಂತೆ ಮಾಡಿದರು. ಮಾಸ್ಟರ್ ಹಿರಣ್ಣಯ್ಯನವರ ದೃಷ್ಟಾಂತವಂತೂ ಇನ್ನೂ ಹತ್ತಿರದ್ದು. ತಂದೆ ಕೆ. ಹಿರಣ್ಣಯ್ಯನವರು 1953ರಲ್ಲಿ ತೀರಿಕೊಂಡಾಗ ಇಪ್ಪತ್ತು ತುಂಬದ ಮಗನಿಗೆ ಬಂದದ್ದು ತಂದೆ ಕಟ್ಟಿದ ಮಂಡಳಿ ಮತ್ತು ತಂದೆಯ ಕೀರ್ತಿಯ ನೆರಳು. ಆ ನೆರಳಿನಲ್ಲಿಯೇ ಅವರು ಆಯುಸ್ಸನ್ನು ಕಳೆಯಬಹುದಾಗಿದ್ದಿತು. ಹಾಗೆ ಮಾಡದೆ ‘ಲಂಚಾವತಾರ’ವನ್ನು ಹಿಡಿದರು. ಅದು ಸಾವಿರಾರು ಪ್ರಯೋಗಗಳನ್ನು ಕಂಡಿತು. ಅಂದಿನ ಸುದ್ದಿ ಅಂದಿನ ರಾತ್ರಿಯೇ ಸಂಭಾಷಣೆಯೊಳಗೆ ನುಗ್ಗುತ್ತಿದ್ದುದರಿಂದ ನಿನ್ನೆಯ ನಾಟಕ ಇಂದಿನ ನಾಟಕವಾಗುತ್ತಿರಲಿಲ್ಲ. ನಾಟಕದ ನಡುವೆ ಸಭೆಯತ್ತ ತಿರುಗಿ, ಮುಂದಿನ ಸಾಲಿನಲ್ಲಿ ಕುಳಿತ ಅಧಿಕಾರಿಗಳಿಗೆ ನೇರವಾಗಿ ತಟ್ಟುವಂತೆ ಅವರು ಆಡುತ್ತಿದ್ದ ಮಾತು ನಮ್ಮ ಸ್ವಂತ ಸ್ಟ್ಯಾಂಡಪ್ ಅಲ್ಲದೆ ಮತ್ತೇನು? ಸರ್ಕಾರದವರಿಗೆ ಅವರ ಮೇಲೆ ಮುನಿಸು ಬರದೆ ಇರಲಿಲ್ಲ. ಆದರೂ 2019ರಲ್ಲಿ ಅವರು ಕಾಲವಾದಾಗ ನಾಡು ಅತ್ತಿತು.

ಇಲ್ಲಿಂದ ನಾವು ಮುಖ್ಯವಾದ ಮಾತಿಗೆ ಬರುತ್ತೇವೆ. ಸ್ವಂತ ಹಾಸ್ಯವೆಂದರೆ ತಾನು ಕಂಡದ್ದನ್ನು ಹೇಳುವುದು; ತಾನು ಕಂಡದ್ದನ್ನು ಹೇಳಿದರೆ ಯಾರಿಗಾದರೂ ಚುಚ್ಚದೆ ಇರದು. ಲೆನ್ನಿ ಬ್ರೂಸ್ ಎಂಬ ಅಮೆರಿಕದ ಹಾಸ್ಯಗಾರನಿಗೆ 1964ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು ಅಶ್ಲೀಲತೆಯ ಅಪರಾಧಕ್ಕಾಗಿ ಶಿಕ್ಷೆ ವಿಧಿಸಿತು. ಅವನು 1966ರಲ್ಲಿ ಸತ್ತನು. 2003ರಲ್ಲಿ ಅದೇ ಪ್ರಾಂತದ ಗವರ್ನರು ಅವನಿಗೆ ಕ್ಷಮಾದಾನ ಕೊಟ್ಟರು. ಸತ್ತ ಮೂವತ್ತೇಳು ವರ್ಷಗಳ ಮೇಲೆ ಬಂದ ಕ್ಷಮೆ ಯಾರ ಹೊಟ್ಟೆ ತುಂಬಿಸಿತು? ನಮ್ಮ ದೇಶದಲ್ಲಿ ಮುನವ್ವರ್ ಫಾರೂಕಿ ಎಂಬ ತರುಣನು 2021ರ ಜನವರಿ 1ರಂದು ಇಂದೋರಿನಲ್ಲಿ ಬಂಧಿತನಾಗಿ, ಒಂದು ತಿಂಗಳಿಗಿಂತ ಹೆಚ್ಚು ಕಾಲ ಸೆರೆಯಲ್ಲಿದ್ದು, ಸುಪ್ರೀಂ ಕೋರ್ಟಿನ ಮಧ್ಯಂತರ ಜಾಮೀನಿನಿಂದ ಹೊರಬಂದನು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆಯಬೇಕಾಗಿದ್ದ ಅವನ ಕಾರ್ಯಕ್ರಮವು, ಪೋಲೀಸರು ವ್ಯವಸ್ಥಾಪಕರಿಗೆ ಪತ್ರ ಬರೆದುದರಿಂದ ನಿಂತುಹೋಯಿತು. ಅವನ ಹಾಸ್ಯ ಮೆಚ್ಚತಕ್ಕದ್ದೋ ಅಲ್ಲವೋ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಗಲಭೆ ಮಾಡುವೆನೆಂದು ಬೆದರಿಸುವವನನ್ನು ತಡೆಯುವುದು ಪೋಲೀಸರ ಕರ್ತವ್ಯವೇ ಹೊರತು, ಮಾತನಾಡುವವನ ಬಾಯಿ ಮುಚ್ಚಿಸುವುದಲ್ಲ. ಬ್ರಿಟಿಷರ ಕಾಲದಲ್ಲಿಯೂ ನಾಟಕಗಳನ್ನು ತಡೆಯಲು 1876ರಲ್ಲಿ ಕಾಯಿದೆ ಮಾಡಿದ್ದರು ಎಂಬುದನ್ನು ನಮ್ಮ ಅಧಿಕಾರಿವರ್ಗದವರು ನೆನೆಯಬೇಕು.

ಎರವಲು ನಗೆಗೂ ಈ ಭಯಕ್ಕೂ ಇರುವ ಸಂಬಂಧವನ್ನು ಯಾರೂ ಯೋಚಿಸಿದಂತೆ ಕಾಣುವುದಿಲ್ಲ. ಕಛೇರಿಯ ಗುಮಾಸ್ತನನ್ನು ಕುರಿತು ಆಡಿದರೆ ವರ್ಗದ ಮಾತು, ಮಠವನ್ನು ಕುರಿತು ಆಡಿದರೆ ಜಾತಿಯ ಮಾತು, ಮಂತ್ರಿಯನ್ನು ಕುರಿತು ಆಡಿದರೆ ಪಕ್ಷದ ಮಾತು ಎಂದಾಗುವ ಊರಿನಲ್ಲಿ ಹಾಸ್ಯಗಾರನಿಗೆ ಉಳಿಯುವುದೇನು? ಹೆಂಡತಿ, ಅತ್ತೆ, ತೊದಲುವವನು, ಕಪ್ಪು ಬಣ್ಣದವನು. ಇವರಾರೂ ತಿರುಗಿ ಮೊಕದ್ದಮೆ ಹೂಡುವವರಲ್ಲವಷ್ಟೆ! ಬಲಿಷ್ಠರನ್ನು ನಗೆಯಿಂದ ರಕ್ಷಿಸಹೊರಟ ನಾವು ದುರ್ಬಲರನ್ನು ನಗೆಗೆ ಒಪ್ಪಿಸಿಬಿಟ್ಟಿದ್ದೇವೆ. ಅಳಿಯನ ಚಟಾಕಿ ಊರಿಂದೂರಿಗೆ ತಿರುಗುವುದಕ್ಕೆ ಭಾಷಣಕಾರನ ಸೋಮಾರಿತನವು ಒಂದು ಕಾರಣವಾದರೆ, ಸಭಿಕರಾದ ನಮ್ಮ ಅಸಹನೆಯು ಇನ್ನೊಂದು ಕಾರಣ.

ಆದುದರಿಂದ ತರುಣ ಹಾಸ್ಯಗಾರರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಮೊಬೈಲನ್ನು ಮುಚ್ಚಿ ಕಿಟಕಿಯನ್ನು ತೆರೆಯಿರಿ. ನಿಮ್ಮ ಬೀದಿ, ನಿಮ್ಮ ಕಛೇರಿ, ನಿಮ್ಮ ಮನೆಯ ಮಾತಿನ ವರಸೆ, ಎಲ್ಲಕ್ಕಿಂತ ಮೊದಲು ನಿಮ್ಮ ಸ್ವಂತ ಹುಚ್ಚುತನ, ಇವೇ ನಿಮ್ಮ ಬಂಡವಾಳ. ಬೇರೆಯವರದನ್ನು ಹೇಳಿದರೆ ಅವರ ಹೆಸರನ್ನೂ ಹೇಳಿರಿ. ಕನ್ನಡ ಸಂಘಗಳವರು ದೊಡ್ಡ ಹೆಸರಿನ ಒಬ್ಬರಿಗೆ ಕೊಡುವ ಸಂಭಾವನೆಯ ಒಂದಂಶದಿಂದಾದರೂ ತಿಂಗಳಿಗೊಂದು ಸಂಜೆ ಹೊಸಬರಿಗೆ ಐದೈದು ನಿಮಿಷಗಳನ್ನು ಕೊಡಲಿ. ಅಲ್ಲಿ ಸೋಲುವ ಸ್ವಾತಂತ್ರ್ಯವೂ ಅವರಿಗಿರಲಿ. ಅಧಿಕಾರಿಗಳು ಮುಂದಿನ ಸಾಲಿನಲ್ಲಿ ಕುಳಿತು, ತಮ್ಮ ಮೇಲೆ ಬಂದ ಮಾತಿಗೆ ಎಲ್ಲರಿಗಿಂತ ಮೊದಲು ನಗುವುದನ್ನು ಅಭ್ಯಾಸ ಮಾಡಲಿ. ಇನ್ನು ನಾವು? ಪತ್ರಿಕೆಯವರನ್ನು ಕುರಿತು ಒಳ್ಳೆಯ ಹಾಸ್ಯವನ್ನು ಯಾರಾದರೂ ಕಟ್ಟಿದ್ದರೆ ಕರೆಕಳುಹಲಿ. ಟಿಕೇಟು ಕೊಂಡೇ ಬರುತ್ತೇವೆ.